ನೇಸರಗಿಯವರೆಗಿನ ಮುಂಬಯಿ

ನಮ್ಮ ಭಾವನವರು, ಎಂದರೆ ನಮ್ಮ ಯಜಮಾನರ ಅಣ್ಣ, ಮುಂಬಯಿಗೆ ಏಳು ಸಲ ಹೊರಟವರು. ಸುಳ್ಳಲ್ಲ! ಏಳೂ ಸಲ ಅವರ ಹಿಂದೆ ಚೀಲ ಹಿಡಿದು ಹೊರಟವಳು ನಾನೇ. ಏಳರಲ್ಲಿ ಮುಂಬಯಿಯ ದಿಕ್ಕಿಗೆ ಅತಿ ದೂರ ಮುಟ್ಟಿದ್ದು ಎಂದರೆ ನೇಸರಗಿ. ಬೈಲಹೊಂಗಲದಲ್ಲಿ ಬಸ್ಸು ಹತ್ತಿ, ಟಿಕೆಟು ತೆಗೆಸಿ, ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡುವುದರೊಳಗೆ ಬಂದುಬಿಡುವ ಊರು ಅದು.

ಮೊದಲ ಸಲ ಸುದ್ದಿ ಬಂದಾಗ ನಾನು ಮಾಳಿಗೆಯ ಮೇಲೆ ಕುಳಿತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರ ಕುಟ್ಟಿಸುವ ದಿನಗಳು. ಕೆಳಗಿನಿಂದ ಅತ್ತೆಯವರು ಕೂಗಿ ಹೇಳಿದರು: “ಏ ಹುಡುಗಿ, ಕೇಳಿದೇನ? ಮುಂಬೈಕ್ಕ ಹೊಂಟೀವಂತ. ನಿಮ್ಮ ಭಾವ ಹೇಳ್ಯಾನ.”

ಮುಂಬಯಿ! ಹಿಗ್ಗಿನಲ್ಲಿ ಮೈಮರೆತು ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಮುಂಬಯಿಯ ಹೆಸರಿನಲ್ಲಿ ನಾನು ಸುರಿಸಿದ ಮೊದಲ ಕಣ್ಣೀರು ಅದು. ಆದರೂ ಖಾರ ಹತ್ತಿದ್ದು ಒಂದೇ ಕಣ್ಣಿಗೆ. ಇನ್ನೊಂದನ್ನು ಶಿವ ಉಳಿಸಿದ.

ಭಾವನವರು ನನಗೇ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಮಾತೆಲ್ಲ ಅತ್ತೆಯವರ ಮೂಲಕವೇ ಹಾಯಬೇಕು. ಭಾವನವರು ಊಟಕ್ಕೆ ಕುಳಿತು, ಸಾರಿಗೆ ಉಪ್ಪು ಕಡಿಮೆ ಎಂದು ಹೇಳವ್ವಾ ಎನ್ನುತ್ತಿದ್ದರು. ಅಡಿಗೆಮನೆಯ ಬಾಗಿಲ ಹಿಂದೆ ನಿಂತ ನನಗೆ ಅದು ಆಗಲೇ ಕೇಳಿಸಿರುತ್ತಿತ್ತು. ಆದರೂ ಅತ್ತೆಯವರು ನನ್ನ ಕಡೆ ತಿರುಗಿ ಅದನ್ನೇ ಹೇಳಬೇಕು, ನಾನು ಅತ್ತೆಯವರಿಗೆ ಹಾಕುತ್ತೇನೆ ಅನ್ನಿರಿ ಎನ್ನಬೇಕು, ಅವರು ಮತ್ತೆ ಆ ಕಡೆ ತಿರುಗಬೇಕು. ಅಷ್ಟರಲ್ಲಿ ಭಾವನವರ ಊಟವೇ ಮುಗಿದಿರುತ್ತಿತ್ತು. “ನಿಮ್ಮಿಬ್ಬರ ನಡುವ ನಾ ಟಪಾಲ ಆಫೀಸ ಆಗೇನಿ,” ಎಂದು ಅತ್ತೆಯವರು ಬೈದುಕೊಂಡೇ ಹನ್ನೆರಡು ವರ್ಷ ಟಪಾಲು ಹಂಚಿದರು.

ಇನ್ನು ಮುಂಬಯಿ ಯಾಕೆ ಎಂಬುದು. ಅದರ ಮೂಲ ಸವದತ್ತಿಯಲ್ಲಿದೆ. ಒಂದು ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಎಲ್ಲಮ್ಮನ ದರ್ಶನ ಮುಗಿಸಿ ಬರುವಾಗ ಭಾವನವರು ನಮ್ಮನ್ನೆಲ್ಲ ನವಿಲುತೀರ್ಥದ ಆಣೆಕಟ್ಟಿಗೆ ಕರೆದೊಯ್ದರು. ಅತ್ತೆಯವರ ತವರು ರಾಮದುರ್ಗದ ಕಡೆಯ ಒಣ ಹಳ್ಳಿ. ಒಂದು ಕೊಡ ನೀರಿಗೆ ಒಂದು ಹರದಾರಿ ನಡೆದವರು. ತುಂಬಿ ನಿಂತ ಮಲಪ್ರಭೆಯನ್ನು ಕಂಡವರೇ ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟರು.

“ಸಮುದ್ರ ಇದಕ್ಕಿಂತ ದೊಡ್ಡದ ಇರತೈತೇನೋ ತಮ್ಮಾ?” ಎಂದು ಭಾವನವರನ್ನು ಕೇಳಿದರು.

“ಇಂಥಾವ ಸಾವಿರ ಕೂಡಿಸಿದ್ರೂ ಅದರ ಒಂದ ಮೂಲಿ ತುಂಬೂದಿಲ್ಲವಾ.”

“ನೀ ನೋಡೀಯೇನು?”

ಭಾವನವರು ತಲೆ ಕೆರೆದುಕೊಂಡರು. ನೋಡಿರಲಿಲ್ಲ.

“ಆಚಿ ದಂಡಿನ ಕಾಣೂದಿಲ್ಲಂತಲ್ಲ,” ಎಂದರು ಅತ್ತೆಯವರು. “ದಂಡಿ ಇಲ್ಲದ ನೀರು ಒಮ್ಮೆರೆ ನೋಡಬೇಕಪಾ.”

“ನಿನಗ ತೋರಿಸೇ ತೋರಸತೇನಿ. ನಿನಗ ತೋರಸೂ ತನಕಾ ನಾನೂ ನೋಡೂದಿಲ್ಲ.”

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಬಾಯಿಮಾತು ಎಂದು ಬಿಡಬಹುದಿತ್ತು. ನಮ್ಮ ಭಾವನವರು ಹೈಸ್ಕೂಲಿನ ಡ್ರಿಲ್ ಮಾಸ್ತರರು. ಮಾತು ಎಂದರೆ ಮಾತು, ಸಾಲು ಎಂದರೆ ಸಾಲು. ಅದರ ಮರುವರ್ಷವೇ ಅವರು ಸಾಲಿಯ ಕಬಡ್ಡಿ ತಂಡವನ್ನು ಕರೆದುಕೊಂಡು ಕಾರವಾರಕ್ಕೆ ಹೋಗಬೇಕಾಯಿತು. ಕಾರವಾರದಲ್ಲಿ ಸಮುದ್ರವನ್ನು ಬಿಟ್ಟು ನೋಡುವುದಾದರೂ ಏನಿದೆ! ಇವರು ಮೂರು ದಿನವೂ ಸಮುದ್ರದ ಕಡೆಗೆ ಕೊಡೆಯನ್ನು ಓರೆಯಾಗಿ ಹಿಡಿದುಕೊಂಡು ತಿರುಗಾಡಿ ಬಂದರು. ಮಳೆಯೂ ಇಲ್ಲ, ಬಿಸಿಲೂ ಅಷ್ಟಿಲ್ಲ. ಮನೆಗೆ ಬಂದಾಗ ಅತ್ತೆಯವರು, ನೋಡದಿದ್ದರೆ ಹೋಗಲಿ, ಸಪ್ಪಳವನ್ನಾದರೂ ಕೇಳಿದೆಯಾ ಎಂದು ವಿಚಾರಿಸಿದರು. “ಇಲ್ಲವಾ, ಕಿವ್ಯಾಗ ಹತ್ತಿ ತುರುಕೊಂಡಿದ್ದೆ,” ಎಂದರು ಭಾವನವರು.

ಕಾರವಾರಕ್ಕೇ ಅವ್ವನನ್ನು ಕರೆದುಕೊಂಡು ಹೋಗಬಹುದಿತ್ತಲ್ಲ ಎನ್ನುತ್ತೀರಾ? ನಮ್ಮ ಯಜಮಾನರೂ ಅದನ್ನೇ ಅಂದರು. ಭಾವನವರು ಒಪ್ಪಲಿಲ್ಲ. ಅವ್ವ ಜೀವಮಾನಕ್ಕೆ ಒಮ್ಮೆ ನೋಡುವುದು ಮುಂಬಯಿಯ ಸಮುದ್ರವನ್ನೇ ನೋಡಬೇಕು. ಜೊತೆಗೆ ಎರಡಂತಸ್ತಿನ ಬಸ್ಸು, ಹುಲಿ ಸಿಂಹ ಇಟ್ಟ ತೋಟ, ಸಮುದ್ರದ ದಂಡೆಗೇ ಇರುವ ಮಹಾಲಕ್ಷ್ಮಿಯ ಗುಡಿ. ಗುಡಿಯ ಮಾತು ಬಂದ ಮೇಲೆ ನಾನೂ ಕಾರವಾರವನ್ನು ಕೈಬಿಟ್ಟೆ.

ಆದರೆ ಭಾವನವರಿಗೆ ಒಂದು ರೋಗವಿತ್ತು. ತಾಲೀಮು! ಯಾವುದನ್ನೇ ಆಗಲಿ, ತಾಲೀಮು ಮಾಡದೆ ಮಾಡುವವರಲ್ಲ. ಅವರಿಗೆ ಮದುವೆ ಆಗದಿದ್ದುದಕ್ಕೂ ಇದೇ ಕಾರಣ ಎಂದು ಅತ್ತೆಯವರು ಹೇಳುತ್ತಿದ್ದರು. ದೊಡವಾಡದ ಒಂದು ಹೆಣ್ಣಿನ ಮಾತು ಬಂದಿತ್ತಂತೆ. ಹೆಣ್ಣು ನೋಡಲು ಹೋದಾಗ ಹೇಗೆ ಕೂಡಬೇಕು, ಅವಲಕ್ಕಿ ಎಷ್ಟು ತಿನ್ನಬೇಕು, ಏನು ಕೇಳಬೇಕು ಎಂದು ಇವರು ಮನೆಯವರನ್ನೆಲ್ಲ ಕೂಡಿಸಿಕೊಂಡು ಮೂರು ತಾಲೀಮು ಮಾಡಿದರು. ನಾಲ್ಕನೆಯದು ನಡೆಯುವಾಗ ಆ ಹೆಣ್ಣಿನ ಲಗ್ನಪತ್ರಿಕೆ ಬಂತು, ಬೇರೆ ವರನ ಜೊತೆ. ಭಾವನವರು ಆ ಮದುವೆಗೂ ಹೋಗಿ, ಪಂಕ್ತಿಯಲ್ಲಿ ನಿಂತು ಬುಂದೇದ ಉಂಡಿ ಬಡಿಸಿ ಬಂದರಂತೆ. ನಾವು ಇದನ್ನು ನಗುತ್ತ ಹೇಳುತ್ತಿದ್ದೆವು. ಈಗ ಬರೆಯುವಾಗ ಅಷ್ಟು ನಗು ಬರುವುದಿಲ್ಲ.

ಮುಂಬಯಿಯ ಮೊದಲ ತಾಲೀಮು ನಡೆದದ್ದು ನಮ್ಮ ಓಣಿಯಲ್ಲೇ. ಮುಂಬಯಿಯ ಲೋಕಲ್ ರೈಲು ಕಣ್ಣು ಮಿಟುಕಿಸುವಷ್ಟರಲ್ಲಿ ನಿಂತು ಹೊರಡುತ್ತದೆ ಎಂದು ಭಾವನವರಿಗೆ ಯಾರೋ ಹೇಳಿದ್ದರು. ಪಕ್ಕದ ಮನೆಯವರ ಟ್ರ್ಯಾಕ್ಟರಿನ ಟ್ರೇಲರ್ ಬಯಲಿನಲ್ಲಿ ನಿಂತಿತ್ತು. ಭಾವನವರು ಸೀಟಿ ಊದುತ್ತಲೇ ಅತ್ತೆಯವರು, ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಎಲ್ಲರೂ ಚೀಲ ಸಮೇತ ಹತ್ತಬೇಕು. ಇನ್ನೊಂದು ಸೀಟಿಗೆ ಇಳಿಯಬೇಕು. ಅತ್ತೆಯವರನ್ನು ಮೇಲೆ ಎತ್ತುವುದಕ್ಕೇ ಎರಡು ರೈಲು ಹೋದವು. ಐದನೆಯ ಸಲ ಹತ್ತಿದ ಅತ್ತೆಯವರು ಕಬ್ಬಿನ ರವುದಿಯ ಒಣಗರಿಗಳ ಮೇಲೆ ಕಾಲು ಚಾಚಿ ಕುಳಿತರು. ಇಳಿಯಲು ಸೀಟಿಯಾದರೂ ಏಳಲಿಲ್ಲ. “ಮುಂಬೈ ಬಂದ ಮ್ಯಾಲೆ ಎಬ್ಬಸ್ರಿ,” ಎಂದು ಸೆರಗು ಮುಖಕ್ಕೆ ಎಳೆದುಕೊಂಡರು.

ಎರಡನೆಯದು ರಸ್ತೆ ದಾಟುವ ತಾಲೀಮು. ಬೈಲಹೊಂಗಲದ ವಾಹನಗಳು ಭಾವನವರಿಗೆ ಸಾಲಲಿಲ್ಲ. ಸಂತೆಯ ದಿನ ನೋಡಿ ಯರಗಟ್ಟಿಗೆ ಕರೆದೊಯ್ದರು. ಅಲ್ಲಿಯ ಬೆಳಗಾವಿ ರಸ್ತೆ ಎಂದರೆ ಲಾರಿ, ಬಸ್ಸು, ಹತ್ತಿಯ ಗಾಡಿ, ಎಮ್ಮೆ, ಎಲ್ಲ ಒಂದರ ಮೇಲೊಂದು. ನಾವು ಆರೂ ಜನ ಕೈ ಕೈ ಹಿಡಿದು ಸರಪಳಿಯಾಗಿ ದಾಟಬೇಕು, ನಡುವೆ ಯಾರೂ ಕೈ ಬಿಡಬಾರದು. ನಟ್ಟನಡುವೆ ಬಂದಾಗ ಎರಡೂ ಕಡೆಯಿಂದ ಬಸ್ಸು ಬಂದವು. ಭಾವನವರು ನಿಲ್ಲಲು ಸೀಟಿ ಊದಿದರು. ನಾವು ನಿಂತೆವು. ಬಸ್ಸುಗಳೂ ನಿಂತವು, ಅವುಗಳ ಹಿಂದೆ ಲಾರಿಗಳು ನಿಂತವು. ರಸ್ತೆ ತಡೆ ನಡೆದಿದೆ ಎಂದು ತಿಳಿದು ಸಂತೆಗೆ ಬಂದ ನಾಲ್ಕಾರು ಜನ ನಮ್ಮ ಸರಪಳಿಗೆ ಕೈ ಜೋಡಿಸಿದರು! ಒಬ್ಬ ಪೊಲೀಸಪ್ಪ ಓಡಿ ಬಂದು, ಎಲ್ಲರಿಗಿಂತ ಹಿರಿಯರಾಗಿ ಕಂಡ ಅತ್ತೆಯವರನ್ನೇ ಕೇಳಿದ: “ಏನ ಯವ್ವಾ, ನಿಮ್ಮ ಬೇಡಿಕಿ ಏನು?”

“ಸಮುದ್ರ ನೋಡಬೇಕಪಾ,” ಎಂದರು ಅತ್ತೆಯವರು.

ಅವನು ಟೋಪಿ ತೆಗೆದು ತಲೆ ಒರೆಸಿಕೊಂಡ. ನಮ್ಮನ್ನು ಒಳಗೆ ಹಾಕಲಿಲ್ಲ. ಅದೂ ದೇವರ ದಯೆಯೇ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಇಂದು ತಾಲೀಮು ಎಂದು ಭಾವನವರು ಎಂದೂ ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ನಾವು ಸಡಿಲು ಬಿಡುತ್ತೇವಂತೆ. ಪ್ರತಿ ಸಲವೂ ಈ ಸಲ ಖರೇ ಹೊರಡುವುದು ಎಂದೇ ಸುದ್ದಿ. ಮೊದಲನೆಯ ಸಲ ನಾನು ನಂಬಿ, ಎರಡು ದಿನ ಒಲೆಯ ಮುಂದೆ ಕುಳಿತು ಅರವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಮಾಡಿ ಬುತ್ತಿ ಕಟ್ಟಿದ್ದೆ. ಮುಂಬಯಿಯ ಆ ಬುತ್ತಿಯನ್ನು ಬೈಲಹೊಂಗಲದಲ್ಲಿ ಕುಳಿತು ಒಂಬತ್ತು ದಿನ ತಿಂದೆವು. ಇಸ್ತ್ರಿ ಮಾಡಿ ಮಡಿಚಿಟ್ಟ ಬಟ್ಟೆಗಳನ್ನೆಲ್ಲ ಮತ್ತೆ ಟ್ರಂಕಿಗೆ ತುಂಬಿದೆ.

ಎರಡು ಸಲ ಹೀಗಾದ ಮೇಲೆ ನಾನು ಜಾಣೆಯಾದೆ. ಚೀಲಗಳಿಗೆ ತಲೆದಿಂಬು, ಹಳೆಯ ಕೌದಿ ತುರುಕಿ ಜಿಪ್ಪು ಎಳೆದುಬಿಡುತ್ತಿದ್ದೆ. ನೋಡಲು ತುಂಬಿದ ಚೀಲ, ಎತ್ತಿದರೆ ಹೂವು! ಹೊರುವವರು ನಮ್ಮ ಯಜಮಾನರಾದ್ದರಿಂದ ಅವರಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿತ್ತು. ಅತ್ತೆಯವರಿಗೂ ಭಾವನವರಿಗೂ ಗೊತ್ತಿರಲಿಲ್ಲ. ಮುಂದಿನ ತಾಲೀಮುಗಳೆಲ್ಲ ಬಸ್ಸಿನವು. ಬೆಳಗಾವಿಯ ಕಡೆ ಹೋಗುವ ಬಸ್ಸು ಹತ್ತುವುದು, ನೇಸರಗಿಯಲ್ಲಿ ಇಳಿಯುವುದು. ಭಾವನವರು ಗಡಿಯಾರ ನೋಡಿ, ಸೀಟಿ ಊದಿ, ತಪ್ಪು ಹೇಳುವುದು. ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿ ವಾಪಸು ಕರೆತರುವುದು. ಮಕ್ಕಳಿಗಂತೂ ಮುಂಬಯಿ ಎಂದರೆ ಮಿರ್ಚಿ ಭಜಿ ಎಂದೇ ಆಗಿಹೋಗಿತ್ತು.

ಏಳನೆಯದು ಹೊಸ ಶತಮಾನ ಬಂದ ಮೇಲಿನ ಮಾತು. ದಸರೆಯ ಸೂಟಿ, ಶಾಲೆಗೆ ರಜೆ. ನಾಳೆ ಎಂಟರ ಬಸ್ಸಿಗೆ ಹೊರಡುವುದು, ಈ ಸಲ ಖರೇ ಎಂದು ಅತ್ತೆಯವರ ಮೂಲಕ ಟಪಾಲು ಬಂತು. ಯಾವ ಸಲ ಖರೇ ಇರಲಿಲ್ಲ ಹೇಳಿ! ನಾನು ಎಂದಿನಂತೆ ದಿಂಬು ತುಂಬಿದೆ. ಮರುದಿನ ಪೂಜೆಯನ್ನು ನಿಧಾನವಾಗಿಯೇ ಮಾಡಿದೆ. ಬಂದ ಕೂಡಲೇ ಒಲೆಯ ಮೇಲಿಟ್ಟರಾಯಿತೆಂದು ಬೇಳೆ ತೊಳೆದು ಕುಕ್ಕರಿಗೆ ಹಾಕಿದೆ. ಎಮ್ಮೆಗೆ ಮಧ್ಯಾಹ್ನದವರೆಗೆ ಸಾಲುವಷ್ಟು ಮೇವು ಹಾಕಿ, ಬಾಗಿಲಿಗೆ ಬರೀ ಚಿಲಕ ಏರಿಸಿದೆ. ಹೊರಗೆ ಬಂದರೆ ಅತ್ತೆಯವರು ಎಲ್ಲರಿಗಿಂತ ಮೊದಲೇ ಕಟ್ಟೆಯ ಮೇಲೆ ಸಿದ್ಧರಾಗಿ ಕುಳಿತಿದ್ದಾರೆ, ಅದೂ ಇಳಕಲ್ ಸೀರೆ ಉಟ್ಟು! ನೇಸರಗಿಯ ಭಜಿಗೆ ಈ ಸೀರೆ ಯಾಕೆ, ಎಣ್ಣೆಯ ಕಲೆ ಹತ್ತುತ್ತದೆ ಎಂದು ನಾನು ಅವರ ಕಿವಿಯಲ್ಲಿ ಚೇಷ್ಟೆ ಮಾಡಿದೆ. ಅವರು ಸುಮ್ಮನೆ ನಕ್ಕರು.

ನೇಸರಗಿಯಲ್ಲಿ ಬಸ್ಸು ಚಹಕ್ಕೆ ನಿಂತಿತು. ರೂಢಿ ನೋಡಿ, ನಾನು, ಯಜಮಾನರು, ಮಕ್ಕಳು, ಚೀಲ ಎತ್ತಿಕೊಂಡು ದಡದಡ ಇಳಿದೆವು. ಹಿಂದಿನಿಂದ ಭಾವನವರು, ಇಳಿಯಬೇಡಿರಿ ಎಂದು ಕೂಗಿದರು. ಇದೇನೋ ಈ ಸಲದ ಹೊಸ ಪರೀಕ್ಷೆ ಎಂದುಕೊಂಡು ನಾವು ಇನ್ನೂ ಚುರುಕಾಗಿ ಸಾಲಾಗಿ ನಿಂತೆವು. ಅವರು ಓಡಿ ಬಂದು, ಹತ್ತಿರಿ ಹತ್ತಿರಿ ಎನ್ನುತ್ತ ದೊಡ್ಡ ಚೀಲಕ್ಕೆ ಕೈ ಹಾಕಿ ಎತ್ತಿದರು. ಭಾರವಿರಬೇಕು ಎಂದುಕೊಂಡು ಎತ್ತಿದವರ ಕೈ ಒಮ್ಮೆಲೇ ಎದೆಯ ಮಟ್ಟಕ್ಕೆ ಹಾರಿತು. ನಿಂತರು. ಜಿಪ್ಪು ಎಳೆದರು. ದಿಂಬು ಹೊರಗೆ ಉಬ್ಬಿ ಬಂತು.

ನಾನು ನಕ್ಕುಬಿಟ್ಟೆ. ಬಾಗಿಲ ಹಿಂದಿನ ನಗುವಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದ ನಗುವೂ ಅಲ್ಲ. ಬಸ್ ನಿಲ್ದಾಣದಲ್ಲಿ ಭಾವನವರ ಎದುರಿಗೇ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಕ್ಕಳೂ ನಕ್ಕರು, ಯಜಮಾನರೂ ನಕ್ಕರು.

ಭಾವನವರು ಇನ್ನೊಂದು ಚೀಲ ತೆರೆದರು. ಕೌದಿ. ಆಮೇಲೆ ನನ್ನ ಕಡೆ ನೋಡದೆ, ತಮ್ಮನನ್ನು ಕೇಳಿದರು: “ಎಮ್ಮಿ ಯಾರಿಗೆ ಹೇಳಿ ಬಂದೀರಿ?”

“ಯಾರಿಗೆ ಹೇಳೂದಣ್ಣಾ, ಮಧ್ಯಾಹ್ನಕ್ಕ ಮನ್ಯಾಗ ಇರತೀವಲ್ಲ.”

ಒಳಗಿನಿಂದ ಕಂಡಕ್ಟರು, ಬರುವುದಿದ್ದರೆ ಬೇಗ ಬನ್ನಿರಿ ಮಾಸ್ತರೇ ಎಂದು ಕರೆದ. ಭಾವನವರು ಬಸ್ಸನ್ನು ನೋಡಿದರು, ಚೀಲವನ್ನು ನೋಡಿದರು. ಬಸ್ಸಿನೊಳಗೆ ಹೋಗಿ, ಇನ್ನೂ ಕಿಟಕಿಯ ಸೀಟಿನಲ್ಲಿ ಗಟ್ಟಿಯಾಗಿ ಕುಳಿತಿದ್ದ ಅತ್ತೆಯವರ ಕೈ ಹಿಡಿದು ಎಬ್ಬಿಸಿದರು. ಅತ್ತೆಯವರು ಇಳಿಯುತ್ತ ಮಗನ ಮುಖ ನೋಡಿದರು, ದಿಂಬು ನೋಡಿದರು, ನಗುತ್ತಿದ್ದ ನನ್ನನ್ನು ನೋಡಿದರು. ಬಸ್ಸು ಹೋಯಿತು. ಭಾವನವರು ಜೇಬು ತಡಕಿದರು. ಸೀಟಿ ಇರಲಿಲ್ಲ, ಮರೆತು ಬಂದೆ ಎಂದರು.

“ತಾಲೀಮ ಮುಗೀತು,” ಎಂದರು. “ಎಲ್ಲಾರೂ ಪಾಸ್.”

ಭಜಿ ಬಿಸಿ ಇವೆಯೇನು ಕೇಳು ಎಂದರು ಅತ್ತೆಯವರು. ಬಿಸಿ ಇದ್ದವು. ನಾನು ನಾಲ್ಕು ತಿಂದೆ.

ಮೂರನೆಯ ದಿನ ಬಟ್ಟೆ ಒಗೆಯಲು ಕುಳಿತಿದ್ದೆ. ಭಾವನವರ ಅಂಗಿಯ ಜೇಬಿನಲ್ಲಿ ಮಡಿಚಿದ ಕಾಗದ ಕೈಗೆ ಸಿಕ್ಕಿತು. ರೈಲಿನ ಟಿಕೆಟು. ಆರು ಜನರದು, ಬೆಳಗಾವಿಯಿಂದ ಮುಂಬಯಿಗೆ, ಅದೇ ದಿನದ್ದು. ಅತ್ತೆಯವರಿಗೆ ಕೆಳಗಿನ ಬರ್ತು. ನಾನು ಓದಿದ್ದನ್ನೇ ಮತ್ತೆ ಮತ್ತೆ ಓದಿದೆ. ಸಾಬೂನಿನ ಕೈಯಿಂದ ನೀರು ತೊಟ್ಟಿಕ್ಕಿ ಮಕ್ಕಳ ಹೆಸರು ಕದಡಿತು.

ಅಂದು ನಾನು ಪದ್ಧತಿ ಮುರಿದೆ. ತಲೆಯ ಮೇಲೆ ಸೆರಗು ಹೊದ್ದು ಪಡಸಾಲೆಗೆ ಹೋಗಿ, ಪೇಪರು ಓದುತ್ತಿದ್ದವರ ಎದುರಿಗೇ ನಿಂತೆ.

“ಭಾವಾರ, ಅವತ್ತ ಖರೇನ ಹೊಂಟಿದ್ವೇನ್ರಿ?”

ಅವರು ಗಾಬರಿಯಾಗಿ ಎದ್ದು ನಿಂತರು. ನನ್ನ ಮಾತು ನೇರವಾಗಿ ಕೇಳಿ ರೂಢಿಯಿಲ್ಲ. ಕಾಗದ ತೆಗೆದುಕೊಂಡು ಅಂಗೈಯಲ್ಲಿ ಹರವಿ ನೀರು ಒರೆಸಿದರು.

“ಅವ್ವಗ ಹೇಳಬ್ಯಾಡ ತಂಗಿ. ಆಕಿ ಮನಸಿಗೆ ಹಚಗೋತಾಳ. ತಪ್ಪ ನಂದು. ಆರ ಸಲ ಸುಳ್ಳ ಹೇಳಿದಂವಾ ಏಳನೇ ಸಲ ಖರೇ ಅಂದ್ರ ಯಾರ ನಂಬತಾರ?” ಎಂದರು. ಕಾಗದ ಮಡಿಚುತ್ತ, “ಮುಂದಿನ ದಸರಾಕ್ಕ ಹೋಗೂಣು. ತಾಲೀಮ ಇಲ್ಲ, ಏನಿಲ್ಲ. ನೇರ ಹೋಗೂದು,” ಎಂದರು.

ಮುಂದಿನ ದಸರೆಗೆ ಎರಡು ತಿಂಗಳಿರುವಾಗ ಅತ್ತೆಯವರು ಬಚ್ಚಲ ಮುಂದೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಪ್ರಾಣ ಉಳಿಯಿತು, ನೋವು ತಿಳಿಯದೆ ನಿದ್ದೆ ಬರುವಂಥ ಗುಳಿಗೆ ಸಿಕ್ಕಿತು, ನಮ್ಮ ಕೈಯಿಂದ ಸೇವೆ ಮಾಡಿಸಿಕೊಂಡರು. ಇದನ್ನೆಲ್ಲ ನಾನು ದೇವರ ಲೆಕ್ಕಕ್ಕೇ ಹಾಕುತ್ತೇನೆ. ಎದ್ದು ನಡೆಯಲು ಮಾತ್ರ ಆಗಲಿಲ್ಲ. ಭಾವನವರು ಆಮೇಲೆ ಮುಂಬಯಿಯ ಹೆಸರು ಎತ್ತಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಮ್ಮ ಮಕ್ಕಳು ಕಾಲೇಜಿನಿಂದ ಅಲ್ಲಿಗೆ ಹೋಗಿ ಬಂದು ಸಮುದ್ರದ ಫೋಟೋಗಳನ್ನು ಅವರ ಕೈಗೆ ಕೊಟ್ಟರು. ಭಾವನವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ ತಿರುವಿ, ಚಲೋ ಬಂದಾವ ಎಂದರು. ಕನ್ನಡಕವಿಲ್ಲದೆ ಅವರಿಗೆ ತಮ್ಮ ಅಂಗೈಯೂ ಕಾಣುವುದಿಲ್ಲ.

ಅತ್ತೆಯವರು ಹಾಸಿಗೆ ಹಿಡಿದ ಮೇಲಿನ ಒಂದು ಬೆಳಗಿನ ಮಾತು ಹೇಳಿ ಮುಗಿಸುತ್ತೇನೆ. ಭಾವನವರು ಅವ್ವನ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ ಸಾಲಿಗೆ ಹೋಗಿದ್ದರು. ನಾನು ಅತ್ತೆಯವರ ಮಗ್ಗಲು ಬದಲಿಸಿ ಬೆನ್ನಿಗೆ ಪೌಡರು ಹಚ್ಚುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಅವರು ಅಂದರು:

“ಆ ದಿವಸ ನಾವು ಖರೇನ ಹೊಂಟಿದ್ವಿ. ನನಗ ಗೊತ್ತಿತ್ತು.”

ಭಾವನವರು ಹೇಳಿದರೇನು ಎಂದು ಕೇಳಿದೆ.

“ಅಂವ ಏನ ಹೇಳತಾನ. ಅವತ್ತ ಮುಂಜಾನೆ ನೀ ಪೂಜಿಗೆ ಕುಂತಾಗ ಬಂದು ನನ್ನ ಕಾಲಿಗೆ ಬಿದ್ದ. ತಾಲೀಮಿಗೆ ಹೋಗಾಂವಾ ಯಾಂವರೆ ಅವ್ವನ ಕಾಲಿಗೆ ಬಿದ್ದ ಹೋಗತಾನೇನವಾ?”

“ಮತ್ತ ನೇಸರಗ್ಯಾಗ ಯಾಕ ಹೇಳಲಿಲ್ರಿ ಅತ್ತಿಯಾರ? ಒಂದ ಮಾತ ಅಂದಿದ್ರ...”

ಅಂದಿದ್ದರೆ ಏನು ಮಾಡುತ್ತಿದ್ದೆ? ನನಗೂ ಗೊತ್ತಿಲ್ಲ. ದಿಂಬು ಹೊತ್ತುಕೊಂಡೇ ಮುಂಬಯಿಗೆ ಹೋಗುತ್ತಿದ್ದೆವೇನೋ.

ಅತ್ತೆಯವರು ಹಿಂದಕ್ಕೆ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದರು.

“ನೀ ನಗಾಕತ್ತಿದ್ದೆಲ್ಲ. ಈ ಮನಿಗೆ ಬಂದು ಹನ್ನೆರಡ ವರ್ಷದಾಗ ಅಷ್ಟ ಬಾಯಿ ತುಂಬ ನಕ್ಕಿದ್ದು ನಾ ಅವತ್ತ ನೋಡಿದ್ದು. ಅದನ್ನ ಕೆಡಿಸಿ ನನಗೇನ ಸಮುದ್ರ ನೋಡೂದಿತ್ತು.”

ಅವರ ರವಿಕೆಯ ಗುಂಡಿ ಹಾಕಿ, ಹೊದಿಕೆ ಸರಿಮಾಡಿದೆ. ಒಲೆಯ ಮೇಲೆ ಎಸರು ಕುದಿಯುವ ಸಪ್ಪಳ ಕೇಳುತ್ತಿತ್ತು. ಜೋಳದ ಹಿಟ್ಟು ನಾದಲು ಎದ್ದು ಹೋದೆ.